ಏಳು ಶಿಖರ, ಒಂದು ಹಗಲು: ಮೌಂಟ್ ವಾಷಿಂಗ್ಟನ್ ಅಬ್ಸರ್ವೇಟರಿಯ ‘ಹೈಯರ್ ಸಮಿಟ್ಸ್ ಫೋರ್‌ಕಾಸ್ಟ್’ ಸೇವೆಯ ವಿಮರ್ಶೆ

ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವೈಟ್ ಮೌಂಟನ್ಸ್ ಪರ್ವತಗಳಲ್ಲಿ ಮ್ಯಾಡಿಸನ್, ಆಡಮ್ಸ್, ಜೆಫರ್ಸನ್, ವಾಷಿಂಗ್ಟನ್, ಮನ್ರೋ, ಐಸೆನ್‌ಹೋವರ್, ಪಿಯರ್ಸ್ ಎಂದು ಅಧ್ಯಕ್ಷರ ಹೆಸರು ಹೊತ್ತ ಏಳು ಶಿಖರಗಳು ಉತ್ತರದಿಂದ ದಕ್ಷಿಣಕ್ಕೆ ಒಂದೇ ಏಣಿನ ಮೇಲೆ, ಅಂದರೆ ಬೆಟ್ಟಸಾಲಿನ ಉದ್ದನೆಯ ನೆತ್ತಿಯ ಮೇಲೆ, ಸಾಲಾಗಿ ನಿಂತಿವೆ. ಈ ಏಳನ್ನೂ ಒಂದೇ ಹಗಲಿನಲ್ಲಿ ಮುಟ್ಟಿ ಇನ್ನೊಂದು ತುದಿಯಲ್ಲಿ ಇಳಿಯುವ ನಡಿಗೆಗೆ ಪ್ರೆಸಿಡೆನ್ಷಿಯಲ್ ಟ್ರಾವರ್ಸ್ ಎಂದು ಹೆಸರು. ದೂರ ಸುಮಾರು 19 ಮೈಲಿ, ಅಂದರೆ ಮೂವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ದಾರಿಯಲ್ಲಿ ಬರುವ ಏರುಗಳನ್ನೆಲ್ಲ ಕೂಡಿದರೆ ಸುಮಾರು 8,500 ಅಡಿ. ಬಾಸ್ಟನ್, ನ್ಯೂ ಜೆರ್ಸಿ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಚಾರಣದ ಹವ್ಯಾಸವುಳ್ಳವರು ಬೇಸಿಗೆ ಹತ್ತಿರವಾಗುತ್ತಿದ್ದಂತೆ ಈ ನಡಿಗೆಯ ಬಗ್ಗೆ ವಿಚಾರಿಸುತ್ತಾರೆ. ಯಾವ ಬೂಟು, ಎಷ್ಟು ನೀರು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬ ಪ್ರಶ್ನೆಗಳೇ ಮೊದಲು ಬರುತ್ತವೆ. ನನ್ನ ಅನುಭವದಲ್ಲಿ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಗಾಳಿಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಸೇವೆಯೇ ವಾಷಿಂಗ್ಟನ್ ಶಿಖರದ ಮೇಲಿನ ವೀಕ್ಷಣಾಲಯ ದಿನವೂ ಹೊರಡಿಸುವ ‘ಹೈಯರ್ ಸಮಿಟ್ಸ್ ಫೋರ್‌ಕಾಸ್ಟ್’. ಈ ನಡಿಗೆಯನ್ನು ಯೋಜಿಸುವವರ ಕಣ್ಣಿನಿಂದ ಆ ಸೇವೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಎತ್ತರದ ಲೆಕ್ಕವನ್ನಷ್ಟೇ ನೋಡಿದರೆ ಈ ಬೆಟ್ಟಗಳು ಕರ್ನಾಟಕದಿಂದ ಬಂದವರನ್ನು ಹೆದರಿಸುವುದಿಲ್ಲ. ಸಾಲಿನಲ್ಲೇ ಎತ್ತರವಾದ ವಾಷಿಂಗ್ಟನ್ 6,288 ಅಡಿ, ಅಂದರೆ 1,917 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್. ಕುಕ್ಕೆಯ ಕಡೆಯಿಂದ ಕುಮಾರ ಪರ್ವತವನ್ನು ಹತ್ತಿ ಅದೇ ದಿನ ಇಳಿದವರಿಗೆ ‘ಇದೂ ಸಾಧ್ಯ’ ಎನ್ನಿಸುವುದು ಸಹಜ, ಮತ್ತು ಕಾಲಿನ ಬಲದ ಮಟ್ಟಿಗೆ ಆ ಧೈರ್ಯಕ್ಕೆ ಆಧಾರವೂ ಇದೆ. ಆದರೆ ಮುಳ್ಳಯ್ಯನಗಿರಿ ಇರುವುದು ಹದಿಮೂರು ಡಿಗ್ರಿ ಅಕ್ಷಾಂಶದ ಸುಮಾರಿಗೆ, ವಾಷಿಂಗ್ಟನ್ ಇರುವುದು ನಲವತ್ತನಾಲ್ಕು ಡಿಗ್ರಿಯಲ್ಲಿ. ಇಲ್ಲಿ ನಾಲ್ಕೂವರೆ ಸಾವಿರದಿಂದ ಐದು ಸಾವಿರ ಅಡಿಯೊಳಗೆ ಮರಗಳು ಮುಗಿದುಹೋಗುತ್ತವೆ. ಅಲ್ಲಿಂದ ಮೇಲೆ ಬರಿಯ ಬಂಡೆ, ಹುಲ್ಲು, ನೆಲಕ್ಕಂಟಿದ ಕುರುಚಲು. ಹಲವು ದಿಕ್ಕಿನ ಬಿರುಗಾಳಿಗಳ ಹಾದಿಗಳು ನ್ಯೂ ಇಂಗ್ಲೆಂಡಿನ ಮೇಲೆ ಬಂದು ಕೂಡುತ್ತವೆ. ಉತ್ತರ-ದಕ್ಷಿಣವಾಗಿ ಹಬ್ಬಿರುವ ಈ ಏಣು ಪಶ್ಚಿಮದ ಗಾಳಿಗೆ ಅಡ್ಡಗೋಡೆಯಂತೆ ನಿಂತಿರುವುದರಿಂದ, ಗಾಳಿ ಅದನ್ನು ದಾಟುವಾಗ ಒತ್ತಿಕೊಂಡು ಇನ್ನಷ್ಟು ವೇಗ ಪಡೆಯುತ್ತದೆ. ವಾಷಿಂಗ್ಟನ್ ಶಿಖರ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮೋಡದೊಳಗೆ ಇರುತ್ತದೆ. ಸರಾಸರಿ ವರ್ಷವೊಂದರಲ್ಲಿ ನೂರಕ್ಕೂ ಹೆಚ್ಚು ದಿನ ಅಲ್ಲಿ ಚಂಡಮಾರುತದ ವೇಗದ, ಅಂದರೆ ಗಂಟೆಗೆ 74 ಮೈಲಿ ಮೀರಿದ ಗಾಳಿ ಬೀಸುತ್ತದೆ. ಜುಲೈ ತಿಂಗಳಲ್ಲಿಯೂ ಶಿಖರದ ಸರಾಸರಿ ತಾಪಮಾನ ಹತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಬಾಸ್ಟನ್‌ನಲ್ಲಿ ಮೂವತ್ತು ಡಿಗ್ರಿ ಬಿಸಿಲಿದ್ದ ದಿನ ಅಲ್ಲಿಗೆ ಹೋಗುವವರ ಮೈಮೇಲೆ ಯಾವ ಬಟ್ಟೆ ಇರುತ್ತದೆ ಎಂಬುದನ್ನು ಊಹಿಸಬಹುದು.

ಆದ್ದರಿಂದ ಈ ನಡಿಗೆಗೆ ದಿನ ಗೊತ್ತುಮಾಡುವುದೆಂದರೆ ಗಾಳಿ, ಮೋಡ, ಗುಡುಗು ಮೂರೂ ಒಪ್ಪುವ ಒಂದು ಹಗಲನ್ನು ಹುಡುಕುವುದು. ಮೊಬೈಲಿನಲ್ಲಿ ಸಿಗುವ ಸಾಮಾನ್ಯ ಹವಾಮಾನ ತಂತ್ರಾಂಶಗಳು ಈ ಕೆಲಸಕ್ಕೆ ಬರುವುದಿಲ್ಲ. ಅವುಗಳಲ್ಲಿ ಬಹುಪಾಲು ಗೋರಮ್ ಅಥವಾ ನಾರ್ತ್ ಕಾನ್‌ವೇಯಂತಹ ತಪ್ಪಲಿನ ಪಟ್ಟಣದ ಹವೆಯನ್ನು ತೋರಿಸುತ್ತವೆ. ಶಿಖರದ ಹೆಸರನ್ನೇ ಕೊಟ್ಟು ಹುಡುಕಿದರೂ, ಹಲವು ಕಿಲೋಮೀಟರ್ ಅಗಲದ ಚೌಕವೊಂದರ ಸರಾಸರಿ ಎತ್ತರಕ್ಕೆ ಲೆಕ್ಕ ಹಾಕಿದ ಅಂಕಿಗಳು ಬರುವುದುಂಟು. ಚೂಪಾದ ಏಣು ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಸೂರ್ಯನ ಚಿತ್ರವೊಂದನ್ನು ನೋಡಿ ‘ನಾಳೆ ಒಳ್ಳೆಯ ದಿನ’ ಎಂದು ತೀರ್ಮಾನಿಸಿದವರು, ಮರಗಳ ಗಡಿ ದಾಟಿದ ಕೂಡಲೇ ನೆಟ್ಟಗೆ ನಿಲ್ಲಲಾಗದ ಗಾಳಿಗೆ ಸಿಕ್ಕಿದ ಸಂದರ್ಭಗಳು ಇಲ್ಲಿ ಹೊಸದಲ್ಲ.

ಈ ಮುನ್ಸೂಚನೆಯ ಹಿಂದಿರುವ ಸಂಸ್ಥೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದರ ಬೆಲೆ ತಿಳಿಯುವುದು ಅಲ್ಲಿಂದಲೇ. ಅಮೆರಿಕದ ಸೈನ್ಯದ ಸಿಗ್ನಲ್ ವಿಭಾಗ 1870ರಲ್ಲೇ ಈ ಶಿಖರದ ಮೇಲೆ ಹವಾಮಾನ ಕೇಂದ್ರವೊಂದನ್ನು ತೆರೆದು ಸುಮಾರು ಎರಡು ದಶಕ ನಡೆಸಿತ್ತು. ಈಗಿನ ವೀಕ್ಷಣಾಲಯ 1932ರಲ್ಲಿ ಕೆಲವೇ ಉತ್ಸಾಹಿಗಳಿಂದ ಆರಂಭವಾಯಿತು. ಎರಡು ವರ್ಷ ತುಂಬುವುದರೊಳಗೆ, 1934ರ ಏಪ್ರಿಲ್ 12ರಂದು, ಅಲ್ಲಿನ ವೀಕ್ಷಕರು ಗಂಟೆಗೆ 231 ಮೈಲಿ, ಎಂದರೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದರು. ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ 1996ರ ಚಂಡಮಾರುತದ ಹೊತ್ತಿಗೆ ಯಂತ್ರವೊಂದು ಅದಕ್ಕಿಂತ ಹೆಚ್ಚಿನ ವೇಗವನ್ನು ದಾಖಲಿಸುವ ತನಕ ಭೂಮಿಯ ಮೇಲ್ಮೈಯಲ್ಲಿ ಅಳೆದ ಅತಿ ಹೆಚ್ಚಿನ ಗಾಳಿ ಅದೇ ಆಗಿತ್ತು. ಸಂಸ್ಥೆ ಸರ್ಕಾರದ್ದಲ್ಲ, ಲಾಭಕ್ಕಾಗಿ ನಡೆಯುವುದೂ ಅಲ್ಲ. ಸದಸ್ಯರ ವಂತಿಗೆ ಮತ್ತು ದೇಣಿಗೆಗಳು ಅದರ ಮುಖ್ಯ ಆಧಾರ. ವೀಕ್ಷಕರು ವಾರಕ್ಕೊಮ್ಮೆ ಬದಲಾಗುವ ಪಾಳಿಯ ಮೇಲೆ ಶಿಖರದಲ್ಲೇ ವಾಸಿಸುತ್ತಾರೆ, ಹಗಲಿರುಳೆನ್ನದೆ ಗಂಟೆಗೊಮ್ಮೆ ಹೊರಗೆ ಬಂದು ತಾಪಮಾನ, ತೇವ, ಮೋಡ, ಗೋಚರತೆಗಳನ್ನು ದಾಖಲಿಸುತ್ತಾರೆ. ಮುನ್ಸೂಚನೆಯನ್ನು ಬರೆಯುವವರೂ ಇವರೇ. ಎಲ್ಲೋ ದೂರದ ಕಚೇರಿಯಲ್ಲಿ ಕುಳಿತ ಗಣಕದ ಫಲಿತಾಂಶವನ್ನು ಯಥಾವತ್ತಾಗಿ ಇಳಿಸುವುದಕ್ಕೂ, ಆ ಬೆಳಗ್ಗೆ ಅದೇ ಗಾಳಿಗೆ ಮುಖ ಒಡ್ಡಿ ಬಂದವರು ಗಣಕದ ಫಲಿತಾಂಶಗಳನ್ನು ತೂಗಿ ನೋಡಿ ಬರೆಯುವುದಕ್ಕೂ ಇರುವ ವ್ಯತ್ಯಾಸ ಓದಿದ ಕೂಡಲೇ ಗೊತ್ತಾಗುತ್ತದೆ.

ಮುನ್ಸೂಚನೆ ಪ್ರತಿದಿನ ಬೆಳಗಿನ ಜಾವ ಪ್ರಕಟವಾಗುತ್ತದೆ. ಮೊದಲಿಗೆ ಒಂದೆರಡು ಪ್ಯಾರಾಗಳ ವಿವರಣೆ: ಯಾವ ಒತ್ತಡದ ವಲಯ ಎಲ್ಲಿದೆ, ಅದು ಯಾವ ಹೊತ್ತಿಗೆ ಸರಿಯುತ್ತದೆ, ಅದರಿಂದ ಶಿಖರಗಳ ಮೇಲೆ ಏನಾಗುತ್ತದೆ. ಅದರ ನಂತರ ಇಂದು, ಈ ರಾತ್ರಿ, ನಾಳೆ ಎಂಬ ವಿಂಗಡಣೆಯಲ್ಲಿ ಮೋಡದ ಸ್ಥಿತಿ, ಮಳೆ ಅಥವಾ ಗುಡುಗಿನ ಸಾಧ್ಯತೆ, ತಾಪಮಾನ, ಗಾಳಿಯ ದಿಕ್ಕು ಮತ್ತು ವೇಗ, ಬೀಸುಗಾಳಿಯ ಗರಿಷ್ಠ ಮಿತಿ, ಗಾಳಿಯಿಂದಾಗಿ ಮೈಗೆ ತಟ್ಟುವ ಚಳಿ ಇವಿಷ್ಟನ್ನೂ ಕೊಡುತ್ತಾರೆ. ಒಟ್ಟು ಒಂದು ಪುಟ. ಬಣ್ಣದ ಚಿತ್ರಗಳಿಗೆ ಒಗ್ಗಿದ ಕಣ್ಣಿಗೆ ಇದು ಸಪ್ಪೆಯಾಗಿ ಕಾಣಬಹುದು. ನನಗೆ ಇದರ ಶಕ್ತಿಯೇ ಆ ಗದ್ಯದಲ್ಲಿದೆ ಎನಿಸುತ್ತದೆ. ‘ಮಧ್ಯಾಹ್ನದ ಹೊತ್ತಿಗೆ ಶೀತ ಮುಖವೊಂದು (ಮುನ್ನುಗ್ಗಿ ಬರುವ ತಣ್ಣನೆಯ ಗಾಳಿಯ ಮುಂಚೂಣಿ) ದಾಟಲಿದೆ, ಅದರ ಹಿಂದೆ ಗಾಳಿ ವಾಯವ್ಯಕ್ಕೆ ತಿರುಗಿ ಬಲಗೊಳ್ಳಲಿದೆ’ ಎಂಬ ಧಾಟಿಯ ವಾಕ್ಯದಲ್ಲಿ ಕಾರಣವೂ ಇರುತ್ತದೆ, ಕ್ರಮವೂ ಇರುತ್ತದೆ. ಆ ಶೀತ ಮುಖ ಎರಡು ಗಂಟೆ ಮೊದಲೇ ಬಂದರೆ ತನ್ನ ಯೋಜನೆಯ ಯಾವ ಭಾಗ ಕುಸಿಯುತ್ತದೆ ಎಂದು ಓದುಗ ತಾನೇ ಲೆಕ್ಕ ಹಾಕಬಲ್ಲ. ಶೇಕಡಾವಾರು ಅಂಕಿಯೊಂದರಿಂದ ಈ ಲೆಕ್ಕ ಹುಟ್ಟುವುದಿಲ್ಲ.

ಗಾಳಿಯ ಸಾಲನ್ನು ಓದುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವೇಗವನ್ನು ಒಂದು ವ್ಯಾಪ್ತಿಯಾಗಿ ಕೊಟ್ಟಿರುತ್ತಾರೆ, ಉದಾಹರಣೆಗೆ ಪಶ್ಚಿಮದಿಂದ ಗಂಟೆಗೆ 25ರಿಂದ 40 ಮೈಲಿ, ಬೀಸುಗಾಳಿ 55ರವರೆಗೆ. ಹೊಸಬರು ಚಿಕ್ಕ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡುತ್ತಾರೆ. ಯೋಜನೆಗೆ ಬೇಕಾದದ್ದು ದೊಡ್ಡ ಅಂಕಿ, ಮತ್ತು ಅದು ದಿನದ ಯಾವ ಭಾಗದಲ್ಲಿ ಬರುತ್ತದೆ ಎಂಬ ಮಾಹಿತಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 20 ಮೈಲಿಯ ಗಾಳಿಗಿಂತ 40 ಮೈಲಿಯ ಗಾಳಿ ದೇಹವನ್ನು ನಾಲ್ಕು ಪಟ್ಟು ಬಲವಾಗಿ ತಳ್ಳುತ್ತದೆ. ನನ್ನ ಅಳತೆ ಹೀಗಿದೆ: ನಿರಂತರ ಗಾಳಿ 30 ಮೈಲಿಯೊಳಗೆ ಇದ್ದರೆ ಇಡೀ ಟ್ರಾವರ್ಸ್ ಯೋಚಿಸಬಹುದು, 30ರಿಂದ 45ರೊಳಗೆ ಇದ್ದರೆ, ಅದು ಇಳಿಮುಖವಾಗಿದ್ದರೆ ಮಾತ್ರ ಹೊರಡಬಹುದು, ಅದಕ್ಕೆ ಮೇಲ್ಪಟ್ಟರೆ ಬೇರೆ ದಿನ ನೋಡಬೇಕು. ಬಲಿಷ್ಠರು ಇದಕ್ಕಿಂತ ಹೆಚ್ಚಿನ ಗಾಳಿಯಲ್ಲೂ ನಡೆದಿದ್ದಾರೆ. ಆದರೆ ಒಂದೆರಡು ಗಂಟೆ ಗಾಳಿಯಲ್ಲಿ ಹತ್ತಿ ಇಳಿಯುವುದು ಬೇರೆ, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಎಂಟು ಹತ್ತು ಗಂಟೆ ಅದೇ ಗಾಳಿಯಲ್ಲಿ ಸಮತೋಲ ಕಾಯ್ದುಕೊಳ್ಳುವುದು ಬೇರೆ. ದಿಕ್ಕನ್ನೂ ಗಮನಿಸಬೇಕು. ಉತ್ತರದಿಂದ ದಕ್ಷಿಣಕ್ಕೆ ನಡೆಯುವವರಿಗೆ ವಾಯವ್ಯದ ಗಾಳಿ ಬೆನ್ನಿಗೂ ಬಲ ಭುಜಕ್ಕೂ ಬೀಳುತ್ತದೆ, ಅದು ಒಂದಿಷ್ಟು ಸಹನೀಯ. ನೈಋತ್ಯದ ಗಾಳಿ ದಿನವಿಡೀ ಮುಖಕ್ಕೇ ಹೊಡೆಯುತ್ತದೆ.

ಚಳಿಯ ಅಂಕಿಯನ್ನು ಮಳೆಯ ಸಾಲಿನೊಂದಿಗೆ ಸೇರಿಸಿ ಓದಬೇಕು. ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ಎಂದರೆ ನಾಲ್ಕೂವರೆ ಡಿಗ್ರಿ ಸೆಲ್ಸಿಯಸ್. ಅದಕ್ಕೆ 40 ಮೈಲಿ ಗಾಳಿ ಕೂಡಿದರೆ ಮೈಗೆ ತಟ್ಟುವುದು 27 ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ. ಈ ಲೆಕ್ಕ ಒಣ ಚರ್ಮದ್ದು. ಬಟ್ಟೆ ನೆನೆದ ಮೇಲೆ ದೇಹ ಶಾಖ ಕಳೆದುಕೊಳ್ಳುವ ವೇಗ ಇದನ್ನು ಮೀರುತ್ತದೆ. 2022ರ ಜೂನ್ ತಿಂಗಳ ನಡುವೆ, ಬೇಸಿಗೆ ಎಂದು ಎಲ್ಲರೂ ಭಾವಿಸುವ ದಿನಗಳಲ್ಲಿ, ಇದೇ ಸಾಲಿನಲ್ಲಿ ಮಳೆ, ಹಿಮ ಮತ್ತು ಭಾರಿ ಗಾಳಿ ಒಟ್ಟಿಗೆ ಬಂದಾಗ ಚಾರಣಿಗರೊಬ್ಬರು ದೇಹದ ಶಾಖ ಕುಸಿದು ತೀರಿಕೊಂಡರು, ಇನ್ನೂ ಹಲವರನ್ನು ರಕ್ಷಣಾ ತಂಡಗಳು ಕೆಳಗಿಳಿಸಬೇಕಾಯಿತು. ಆದ್ದರಿಂದ ಚಳಿಯ ಅಂಕಿ ಸೊನ್ನೆ ಸೆಲ್ಸಿಯಸ್ಸಿನ ಸುತ್ತಮುತ್ತ ಇದ್ದು, ಮಳೆಯ ಸಾಧ್ಯತೆಯನ್ನೂ ಹೇಳಿದ್ದರೆ, ಉಳಿದ ಸಾಲುಗಳು ಎಷ್ಟೇ ಹಿತವಾಗಿ ಕಂಡರೂ ನಾನು ಹೊರಡುವುದಿಲ್ಲ. ಉತ್ತಮ ದಿನವೆಂದು ಬರೆದಿದ್ದರೂ ಉಣ್ಣೆಯ ಟೋಪಿ, ಕೈಗವಸು, ಒಣ ಅಂಗಿ, ಗಾಳಿ-ಮಳೆ ತಡೆಯುವ ಮೇಲುಡುಗೆ ಚೀಲದಲ್ಲಿ ಇರಬೇಕು. ಹತ್ತಿಯ ಬಟ್ಟೆ ಬೇಡ.

ಮೋಡದ ಬಗ್ಗೆ ಮುನ್ಸೂಚನೆ ಬಳಸುವ ಭಾಷೆಗೆ ಸ್ವಲ್ಪ ಅಭ್ಯಾಸ ಬೇಕು. ಶಿಖರಗಳು ‘ಮೋಡದೊಳಗೆ’, ‘ಮೋಡದ ಒಳಹೊರಗೆ’, ‘ಮೋಡದ ಮೇಲೆ’ ಎಂಬ ಮಾತುಗಳು ಅಲ್ಲಿ ಪದೇ ಪದೇ ಬರುತ್ತವೆ. ಮೋಡದೊಳಗೆ ಎಂದರೆ ನಡೆಯುವವನ ಪಾಲಿಗೆ ದಟ್ಟ ಮಂಜು. ಮರಗಳಿಲ್ಲದ ಈ ಏಣಿನಲ್ಲಿ ದಾರಿಯನ್ನು ತೋರಿಸುವುದು ಸಾಲಾಗಿ ಪೇರಿಸಿಟ್ಟ ಕಲ್ಲುಗುಪ್ಪೆಗಳು. ಮಂಜು ದಟ್ಟವಾದಾಗ ಒಂದು ಗುಪ್ಪೆಯ ಬಳಿ ನಿಂತರೆ ಮುಂದಿನದು ಕಾಣದಿರಬಹುದು. ಆಡಮ್ಸ್ ಶಿಖರದ ಬಳಿ ಹಲವು ಕಾಲುದಾರಿಗಳು ಕೂಡುವ ಥಂಡರ್‌ಸ್ಟಾರ್ಮ್ ಜಂಕ್ಷನ್ ಎಂಬ ಸ್ಥಳವಿದೆ, ದೊಡ್ಡ ಕಲ್ಲುಗುಪ್ಪೆ ಅದರ ಗುರುತು. ಅಲ್ಲಿ ಮಂಜಿನಲ್ಲಿ ತಪ್ಪು ಕವಲು ಹಿಡಿದರೆ ಕಣಿವೆಯೊಂದಕ್ಕೆ ಇಳಿದುಬಿಡುವ ಅಪಾಯ ನಿಜವಾದದ್ದು. ಮೊದಲ ಸಲ ಈ ನಡಿಗೆ ಮಾಡುವವರು ‘ಮೋಡದೊಳಗೆ’ ಎಂದಿರುವ ದಿನವನ್ನು, ಗಾಳಿ ಎಷ್ಟೇ ಕಡಿಮೆ ಇದ್ದರೂ, ಬಿಟ್ಟುಬಿಡುವುದು ಒಳ್ಳೆಯದು. ಶಿಖರಗಳು ಮೋಡದ ಮೇಲಿರುತ್ತವೆ ಎಂದು ಬರೆದಿದ್ದರಂತೂ ತಪ್ಪದೆ ಹೋಗಬೇಕು. ಕಣಿವೆಗಳೆಲ್ಲ ಬಿಳಿ ಮೋಡದಲ್ಲಿ ಮುಳುಗಿ ಶಿಖರಗಳಷ್ಟೇ ಎದ್ದು ನಿಲ್ಲುವ ಆ ನೋಟ ಮಡಿಕೇರಿಯ ಕಡೆ ಬೆಳೆದವರಿಗೂ ಹೊಸತೆನಿಸುತ್ತದೆ.

ಮುನ್ಸೂಚನೆಯನ್ನು ಗಡಿಯಾರದೊಂದಿಗೆ ಹೊಂದಿಸಿದಾಗ ಅದರ ನಿಜವಾದ ಉಪಯೋಗ ಕಾಣುತ್ತದೆ. ವೈಟ್ ಮೌಂಟನ್ಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕವೊಂದಿದೆ: ಪ್ರತಿ ಮೈಲಿಗೆ ಅರ್ಧ ಗಂಟೆ, ಪ್ರತಿ ಸಾವಿರ ಅಡಿ ಏರಿಗೆ ಇನ್ನೊಂದು ಅರ್ಧ ಗಂಟೆ. ಅದರ ಪ್ರಕಾರ 19 ಮೈಲಿಗೆ ಒಂಬತ್ತೂವರೆ ಗಂಟೆ, 8,500 ಅಡಿಗೆ ನಾಲ್ಕೂಕಾಲು ಗಂಟೆ, ಒಟ್ಟು ಹದಿನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಊಟಕ್ಕೂ ವಿಶ್ರಾಂತಿಗೂ ಇದರಲ್ಲಿ ಸಮಯವಿಲ್ಲ. ಜೂನ್ ಕೊನೆಯಲ್ಲಿ ಇಲ್ಲಿ ಹಗಲು ಹದಿನೈದು ಗಂಟೆಗೂ ಹೆಚ್ಚು. ಉತ್ತರದ ಅಪಲಾಚಿಯ ಎಂಬ ಆರಂಭದ ಸ್ಥಳದಿಂದ ಬೆಳಗಿನ ನಾಲ್ಕೂವರೆಗೆ ಹೊರಟರೆ ವ್ಯಾಲಿ ವೇ ಕಾಲುದಾರಿಯಲ್ಲಿ ಸುಮಾರು ನಾಲ್ಕು ಮೈಲಿ ಹತ್ತಿ ಮ್ಯಾಡಿಸನ್ ಸ್ಪ್ರಿಂಗ್ ತಂಗುಮನೆ, ಅಲ್ಲಿಂದ ಅರ್ಧ ಮೈಲಿ ಮೇಲೆ ಮ್ಯಾಡಿಸನ್ ಶಿಖರ, ಹೊತ್ತು ಎಂಟೂವರೆಯಿಂದ ಒಂಬತ್ತು. ಆಡಮ್ಸ್, ಜೆಫರ್ಸನ್ ದಾಟಿ ವಾಷಿಂಗ್ಟನ್ ಮುಟ್ಟುವಾಗ ಮಧ್ಯಾಹ್ನ ಒಂದೂವರೆ. ಅಲ್ಲಿಂದ ಕ್ರಾಫರ್ಡ್ ಪಾತ್ ಹಿಡಿದು ಮನ್ರೋ, ಐಸೆನ್‌ಹೋವರ್, ಪಿಯರ್ಸ್ ಮುಗಿಸಿ ಹೆದ್ದಾರಿಗೆ ಇಳಿಯಲು ಇನ್ನೂ ಐದು ಗಂಟೆ. 1819ರಲ್ಲಿ ಏಬಲ್ ಕ್ರಾಫರ್ಡ್ ಮತ್ತು ಅವರ ಮಗ ಈಥನ್ ಕಡಿದ ಈ ದಾರಿ ಅಮೆರಿಕದಲ್ಲಿ ಸತತವಾಗಿ ಬಳಕೆಯಲ್ಲಿರುವ ಅತಿ ಹಳೆಯ ಬೆಟ್ಟದ ಕಾಲುದಾರಿ ಎಂದು ಹೆಸರಾಗಿದೆ.

ಈಗ ಇದರ ಪಕ್ಕದಲ್ಲಿ ಮುನ್ಸೂಚನೆಯನ್ನು ಇಟ್ಟು ನೋಡಬೇಕು. ಬೇಸಿಗೆಯ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಮತ್ತು ಸಂಜೆಯ ನಡುವೆ ಕಟ್ಟಿಕೊಳ್ಳುತ್ತದೆ, ಅಂದರೆ ನಾವು ವಾಷಿಂಗ್ಟನ್ನಿನ ತಲೆಯ ಮೇಲಿಂದ ಐಸೆನ್‌ಹೋವರ್‌ನ ಬೋಳು ಗುಮ್ಮಟದವರೆಗೆ ಮರದ ಆಸರೆಯೇ ಇಲ್ಲದೆ ನಡೆಯುವ ಹೊತ್ತಿನಲ್ಲಿ. ‘ಮಧ್ಯಾಹ್ನದ ನಂತರ ಗುಡುಗಿನ ಸಾಧ್ಯತೆ’ ಎಂಬ ಒಂದೇ ಸಾಲು ಟ್ರಾವರ್ಸಿನ ದಕ್ಷಿಣಾರ್ಧವನ್ನು ಇಡಿಯಾಗಿ ಅಳಿಸಿಹಾಕುತ್ತದೆ. ಅಂಥ ದಿನ ಮ್ಯಾಡಿಸನ್ ಮತ್ತು ಆಡಮ್ಸ್ ಎರಡನ್ನೇ ಮಾಡಿ ಮಧ್ಯಾಹ್ನದೊಳಗೆ ಕಾಡಿಗೆ ಇಳಿದರೆ ಅದೂ ಸೊಗಸಾದ ಚಾರಣವೇ. ಗಾಳಿ ಬೆಳಗ್ಗೆ ಬಲವಾಗಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ ಎಂದಿದ್ದರೆ, ಒಂದೆರಡು ಗಂಟೆ ತಡವಾಗಿ ಹೊರಟು ಕೊನೆಯ ಮೂರು ಮೈಲಿಯನ್ನು ತಲೆದೀಪದ ಬೆಳಕಿನಲ್ಲಿ ಮುಗಿಸುವುದು ಒಪ್ಪುವ ಮಾತು, ಏಕೆಂದರೆ ಪಿಯರ್ಸ್‌ನಿಂದ ಕೆಳಗಿನ ದಾರಿ ಕಾಡಿನೊಳಗಿನದು, ಗುರುತು ಸ್ಪಷ್ಟವಾದದ್ದು.

ನಕ್ಷೆಯ ಮೇಲೆ ಇಳಿದಾರಿಗಳನ್ನು ಮೊದಲೇ ಗುರುತಿಸಿಕೊಂಡು, ಪ್ರತಿಯೊಂದರ ಎದುರು ಮುನ್ಸೂಚನೆಯ ಆ ಹೊತ್ತಿನ ಸಾಲನ್ನು ಬರೆದಿಟ್ಟುಕೊಳ್ಳುವುದು ನನ್ನ ಪದ್ಧತಿ. ಮೊದಲ ನಿರ್ಧಾರ ಮ್ಯಾಡಿಸನ್ ತಂಗುಮನೆಯಲ್ಲಿ. ಅಲ್ಲಿಂದ ಹಿಂದಿರುಗುವ ವ್ಯಾಲಿ ವೇ ಬಹುತೇಕ ಕಾಡಿನ ಮರೆಯಲ್ಲೇ ಸಾಗುವುದರಿಂದ ಅದಕ್ಕಿಂತ ಸುರಕ್ಷಿತ ಇಳಿದಾರಿ ಇಡೀ ಸಾಲಿನಲ್ಲಿಲ್ಲ. ಈ ತಂಗುಮನೆಯಿಂದ, ವಾಷಿಂಗ್ಟನ್ ದಾಟಿದ ಮೇಲೆ ಸಿಗುವ ಲೇಕ್ಸ್ ಆಫ್ ದಿ ಕ್ಲೌಡ್ಸ್ ತಂಗುಮನೆಯವರೆಗಿನ ಸುಮಾರು ಏಳು ಮೈಲಿ ಬಯಲಿಗೆ ಒಡ್ಡಿಕೊಂಡ ದಾರಿ. ಆಡಮ್ಸ್ ಮತ್ತು ಜೆಫರ್ಸನ್ ನಡುವಿನ ತಗ್ಗಾದ ಎಡ್ಮಂಡ್ಸ್ ಕಾಲ್‌ನಲ್ಲಿ ಎರಡನೆಯ ನಿರ್ಧಾರ. ಅಲ್ಲಿಂದ ರ‍್ಯಾಂಡಾಲ್ಫ್ ಪಾತ್ ಹಿಡಿದು ಉತ್ತರಕ್ಕೆ, ಹೊರಟ ಕಡೆಗೇ ಮರಳಬಹುದು. ಜೆಫರ್ಸನ್ ಮತ್ತು ವಾಷಿಂಗ್ಟನ್ ನಡುವಿನ ಕ್ಲೇ ಶಿಖರದ ಬಳಿ ಪಶ್ಚಿಮಕ್ಕೆ ಇಳಿಯುವ ಜೂಯೆಲ್ ದಾರಿ, ಲೇಕ್ಸ್ ತಂಗುಮನೆಯಿಂದ ಇಳಿಯುವ ಅಮ್ಮೊನೂಸಕ್ ರವೀನ್ ದಾರಿ ಎರಡೂ ವಾಷಿಂಗ್ಟನ್ ಶಿಖರಕ್ಕೆ ಹತ್ತುವ ಹಲ್ಲುಗಂಬಿ ರೈಲಿನ ತಪ್ಪಲ ನಿಲ್ದಾಣದ ಕಡೆಗೆ ತಲುಪಿಸುತ್ತವೆ. ಎರಡನೆಯದು ಕಡಿದು, ಮಳೆಯಲ್ಲಿ ಜಾರುತ್ತದೆ. ಐಸೆನ್‌ಹೋವರ್ ಹತ್ತಿರದ ಎಡ್ಮಂಡ್ಸ್ ಪಾತ್ ಕೊನೆಯದು. ಪೂರ್ವಕ್ಕೆ, ಗ್ರೇಟ್ ಗಲ್ಫ್ ಕಣಿವೆಯ ಕಡೆಗೆ ಇಳಿಯುವ ದಾರಿಗಳು ಹತ್ತಿರದಲ್ಲಿ ಕಂಡರೂ ಕಡಿದಾದ ಗೋಡೆಗಳ ಮೇಲಿಂದ ಹೋಗಿ ರಸ್ತೆಯಿಂದ ಬಹುದೂರ ಒಯ್ಯುತ್ತವೆ. ಅವನ್ನು ಯೋಜನೆಯಿಂದ ಕೈಬಿಡಬೇಕು. ವಾಷಿಂಗ್ಟನ್ ಶಿಖರಕ್ಕೆ 1861ರಿಂದ ಗಾಡಿಯ ರಸ್ತೆಯೂ 1869ರಿಂದ ರೈಲೂ ಇದೆಯಾದರೂ, ಇಳಿಯಲು ಜಾಗ ಸಿಗುತ್ತದೆ ಎಂಬ ಭರವಸೆಯ ಮೇಲೆ ದಿನವನ್ನು ಕಟ್ಟಬಾರದು. ಪಶ್ಚಿಮಕ್ಕೆ ಇಳಿದವರ ಕಾರು ಅಪಲಾಚಿಯದಲ್ಲೋ ನಡಿಗೆ ಮುಗಿಯುವ ಕ್ರಾಫರ್ಡ್ ನಾಚ್‌ನಲ್ಲೋ ಇರುತ್ತದೆ. ಅಲ್ಲಿಗೆ ಕರೆದೊಯ್ಯುವವರು ಯಾರು ಎಂಬುದು ಹಿಂದಿನ ರಾತ್ರಿಯೇ ಗೊತ್ತಿರಬೇಕು.

ಸೇವೆಯ ಮಿತಿಗಳನ್ನೂ ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ಅವಧಿ. ವಿವರವಾದ ಮುನ್ಸೂಚನೆ ಎರಡು ದಿನದಷ್ಟು ಮುಂದಕ್ಕೆ ಮಾತ್ರ ಕಾಣುತ್ತದೆ. ಪ್ರಾಮಾಣಿಕತೆಯ ದೃಷ್ಟಿಯಿಂದ ಇದು ಸರಿ, ಬೆಟ್ಟದ ಹವೆಯನ್ನು ಅದಕ್ಕಿಂತ ಮುಂದೆ ಹೇಳುತ್ತೇನೆನ್ನುವವರನ್ನು ನಂಬುವುದು ಕಷ್ಟ. ಆದರೆ ನ್ಯೂ ಜೆರ್ಸಿಯಿಂದ ಆರೇಳು ಗಂಟೆ ಕಾರು ಓಡಿಸಿ ಬರುವವರಿಗೆ, ವಾರ ಮೊದಲೇ ರಜೆ ಕೇಳಬೇಕಾದವರಿಗೆ ಇದು ತೊಡಕು. ಐದು ದಿನ ಮುಂಚೆ ಮೇನ್ ರಾಜ್ಯದ ಗ್ರೇ ಊರಿನಲ್ಲಿರುವ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿಯ ಮುನ್ಸೂಚನೆ ನೋಡಿ ಅಂದಾಜು ಕಟ್ಟಿಕೊಂಡು, ಒಂದು ಬದಲಿ ದಿನವನ್ನೂ ಒಂದು ಬದಲಿ ಚಾರಣವನ್ನೂ ಇಟ್ಟುಕೊಂಡು, ಕೊನೆಯ ತೀರ್ಮಾನವನ್ನು ಹೈಯರ್ ಸಮಿಟ್ಸ್ ಫೋರ್‌ಕಾಸ್ಟಿಗೆ ಬಿಡುವುದು ನಾನು ಕಂಡುಕೊಂಡ ದಾರಿ. ಎರಡನೆಯ ಮಿತಿ, ಅಂಕಿಗಳೆಲ್ಲ ಅತಿ ಎತ್ತರದ ಶಿಖರಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಪಿಯರ್ಸ್ ಸುಮಾರು 4,300 ಅಡಿ. ಅಲ್ಲಿಯ ಹವೆ ವಾಷಿಂಗ್ಟನ್ನಿನಷ್ಟು ಕಠಿಣವಿರುವುದು ಅಪರೂಪ. ಕಾಲುದಾರಿಯ ಸ್ಥಿತಿ, ಜೂನ್ ಆರಂಭದಲ್ಲಿ ಉಳಿದಿರಬಹುದಾದ ಹಿಮದ ತೇಪೆಗಳು, ಉಕ್ಕಿದ ತೊರೆಗಳು ಈ ಮುನ್ಸೂಚನೆಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಬೇರೆ ಕಡೆ ವಿಚಾರಿಸಬೇಕು.

ಈ ಎರಡನೆಯ ಮಿತಿಗೆ ವೀಕ್ಷಣಾಲಯವೇ ಒಂದು ಪರಿಹಾರವನ್ನೂ ಒದಗಿಸಿದೆ. ವಾಷಿಂಗ್ಟನ್ನಿನ ಗಾಡಿ ರಸ್ತೆಯ ಉದ್ದಕ್ಕೂ ತಪ್ಪಲಿನಿಂದ ಶಿಖರದವರೆಗೆ ಬೇರೆ ಬೇರೆ ಎತ್ತರಗಳಲ್ಲಿ ಸ್ವಯಂಚಾಲಿತ ಮಾಪನ ಕೇಂದ್ರಗಳಿವೆ, ಅವುಗಳ ತಾಜಾ ಅಂಕಿಗಳು ಜಾಲತಾಣದಲ್ಲಿ ಕಾಣುತ್ತವೆ. ಹೊರಡುವ ಬೆಳಗ್ಗೆ ಮುನ್ಸೂಚನೆಯನ್ನು ಓದಿದ ಮೇಲೆ ಈ ಕೇಂದ್ರಗಳ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ, ಗಾಳಿ ಯಾವ ಎತ್ತರದಲ್ಲಿ ಬಲವಾಗಿದೆ, ತಾಪಮಾನ ಎಲ್ಲಿ ಇಳಿದಿದೆ ಎಂಬುದು ಸ್ಪಷ್ಟವಾಗುತ್ತದೆ. ಶಿಖರದ ಗಾಳಿ ಮುನ್ಸೂಚನೆಯಲ್ಲಿ ಆ ಹೊತ್ತಿಗೆ ಹೇಳಿದ್ದಕ್ಕಿಂತ ಆಗಲೇ ಹೆಚ್ಚಿದ್ದರೆ ಉಳಿದ ದಿನದ ಅಂಕಿಗಳನ್ನೂ ಅಷ್ಟೇ ಏರಿಸಿ ಓದುತ್ತೇನೆ. ಏಣಿನ ಮೇಲೆ ಮೊಬೈಲ್ ಸಂಕೇತ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ಇಷ್ಟನ್ನೂ ಕಾರಿನಲ್ಲೇ ಮುಗಿಸಬೇಕು. ತಂಗುಮನೆಗಳಲ್ಲಿ ಅದೇ ದಿನದ ಮುನ್ಸೂಚನೆಯನ್ನು ಬೆಳಗ್ಗೆ ಅತಿಥಿಗಳಿಗೆ ಓದಿ ಹೇಳುವ ಪದ್ಧತಿ ಇರುವುದರಿಂದ, ಮ್ಯಾಡಿಸನ್‌ನಲ್ಲಿ ನೀರು ತುಂಬಿಸಿಕೊಳ್ಳುವಾಗ ಅಲ್ಲಿನ ಸಿಬ್ಬಂದಿಯನ್ನು ಒಮ್ಮೆ ಕೇಳುವುದು ಉಪಯುಕ್ತ. ಅವರು ಬಿಚ್ಚುಮನಸ್ಸಿನಿಂದ ಉತ್ತರಿಸುತ್ತಾರೆ.

ಮುನ್ಸೂಚನೆಗೆ ಹಣ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಬೇಕಾಗಿಯೂ ಇಲ್ಲ. ಪ್ರತಿ ವರ್ಷ ಬಳಸುವವರು ವೀಕ್ಷಣಾಲಯದ ಸದಸ್ಯರಾದರೆ ಆ ಹಣ ಶಿಖರದಲ್ಲಿ ದೀಪ ಉರಿಯುವುದಕ್ಕೇ ಹೋಗುತ್ತದೆ. ಇದರ ಜೊತೆಗೆ ನ್ಯೂ ಹ್ಯಾಂಪ್‌ಷೈರಿನ ಮೀನು ಮತ್ತು ವನ್ಯಜೀವಿ ಇಲಾಖೆ ಮಾರುವ ‘ಹೈಕ್ ಸೇಫ್’ ಕಾರ್ಡನ್ನೂ ಕೊಳ್ಳುವಂತೆ ಹೇಳುತ್ತೇನೆ. ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35. ಆ ರಾಜ್ಯದಲ್ಲಿ ನಿರ್ಲಕ್ಷ್ಯದಿಂದ ಸಿಕ್ಕಿಬಿದ್ದವರಿಂದ ರಕ್ಷಣಾ ಕಾರ್ಯಾಚರಣೆಯ ವೆಚ್ಚವನ್ನು ವಸೂಲು ಮಾಡುವ ಕಾನೂನಿದೆ. ಕಾರ್ಡಿದ್ದವರಿಗೆ ಅದರಿಂದ ವಿನಾಯಿತಿ, ಹುಚ್ಚುಸಾಹಸಕ್ಕೂ ಉದ್ದೇಶಪೂರ್ವಕ ಕೃತ್ಯಕ್ಕೂ ಹೊರತು. ಕಾರ್ಡಿನ ಹಣ ರಕ್ಷಣಾ ಕಾರ್ಯಕ್ಕೇ ಸಲ್ಲುತ್ತದೆ.

ಸೇವೆಯಲ್ಲಿ ಎರಡು ಸುಧಾರಣೆಗಳು ಬಂದರೆ ಚೆನ್ನ. ಫ್ಯಾರನ್‌ಹೀಟ್ ಮತ್ತು ಮೈಲಿಗಳ ಪಕ್ಕದಲ್ಲಿ ಸೆಲ್ಸಿಯಸ್ ಮತ್ತು ಕಿಲೋಮೀಟರ್ ಅಂಕಿಗಳಿರಬೇಕು. ಭಾರತದಿಂದ ಬೇಸಿಗೆಗೆಂದು ಬಂದ ತಂದೆತಾಯಿ, ತಮ್ಮತಂಗಿಯರ ಜೊತೆ ಸಣ್ಣ ಚಾರಣವೊಂದಕ್ಕೆ ಹೊರಡುವವರಿಗೆ, ಅವರೂ ಓದಿ ತಾವೇ ಚೀಲಕ್ಕೆ ಸ್ವೆಟರ್ ಸೇರಿಸುವಂತಾಗಲು ಇದು ಬೇಕು. ಐಸೆನ್‌ಹೋವರ್, ಪಿಯರ್ಸ್ ಮಟ್ಟದ ಎತ್ತರಕ್ಕೆ ಗಾಳಿಯ ಸಾಲೊಂದು ಪ್ರತ್ಯೇಕವಾಗಿ ಸಿಗುವಂತಾಗಬೇಕು. ಆಗ ವಾಷಿಂಗ್ಟನ್ನಿಗೆ ಒಗ್ಗದ ದಿನಗಳಲ್ಲೂ ದಕ್ಷಿಣದ ಎರಡು ಶಿಖರಗಳನ್ನು ಮಾಡಬಹುದೇ ಎಂಬುದನ್ನು ಕಾರಿನ ಬಾಗಿಲು ತೆರೆಯುವ ಮೊದಲೇ ತೀರ್ಮಾನಿಸಬಹುದು.